ಹದಿಮೂರನೆಯ ಕಂತು

ಇದು ಶುರುವಾದದ್ದು ಅವರೆಕಾಯಿ ಕಾಲದಲ್ಲಿ, ಡಿಸೆಂಬರಿನ ಮೊದಲ ಮಂಗಳವಾರ, ಸಂಜೆ ಆರೂವರೆ ಹೊತ್ತಿಗೆ. ರಾಗಿ ಕುಯ್ಲು ಮುಗಿದಿತ್ತು. ಚಳಿ ಆಗತಾನೇ ಅಂಗಾಲಿಗೆ ಹತ್ತುತ್ತಿತ್ತು. ಅರಸೀಕೆರೆಯಲ್ಲಿ ರೈಲುಹಳಿಯ ಆಚೆ ಬದಿಗೆ, ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ರಿಟೈರಾದ ಜವರಯ್ಯ ಕಟ್ಟಿಸಿದ ಮನೆ. ಅವನ ಹೆಂಡತಿ ಮುದ್ದಮ್ಮ ನಡುಮನೆಯಲ್ಲಿ ಚಾಪೆ ಹಾಸಿ, ನೆನೆದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು, ಒಂದೊಂದೇ ಕಾಳನ್ನು ಬೆರಳಲ್ಲಿ ಹಿತುಕಿ ಬೇಳೆ ಬಿಡಿಸುತ್ತ ಕೂತಿದ್ದಳು. ಮೊಮ್ಮಗಳು ಮಾಲಿನಿ ತನ್ನ ಫೋನನ್ನು ಟಿ.ವಿ.ಗೆ ಏನೋ ಮಾಡಿ ಹೊಂದಿಸಿದಳು. ಪರದೆಯ ಮೇಲೆ ಮಳೆ ಬಿದ್ದಂಥ ಗೆರೆಗಳು ಓಡಿದವು. ರೈಲಿನ ಕೂಗು ಕೇಳಿತು. ಪೇಟ ಸುತ್ತಿದ ಗಂಡಸೊಬ್ಬ ಸೈಕಲ್ಲು ತಳ್ಳಿಕೊಂಡು ಪ್ಲಾಟ್‌ಫಾರಮ್ಮಿನ ಮೇಲೆ ನಡೆದುಬಂದ.

ಮುದ್ದಮ್ಮನ ಬೆರಳು ನಿಂತವು.

"ಗುರುತು ಸಿಕ್ತಾ ಅಜ್ಜಿ? ಪೇಟದ ಪತ್ತೇದಾರ," ಅಂದಳು ಮಾಲಿನಿ. "ಯಾರೋ ಹಳೇ ಟೇಪಿಂದ ತೆಗೆದು ಯೂಟ್ಯೂಬಿಗೆ ಹಾಕ್ತಾ ಇದ್ದಾರೆ. ವಾರಕ್ಕೆರಡು. ಮಂಗಳವಾರ, ಶನಿವಾರ."

"ಒಟ್ಟು ಎಷ್ಟು ಬತ್ತವೆ?"

"ಹದಿಮೂರೂ."

ಹದಿಮೂರು ಅನ್ನುವುದು ಮುದ್ದಮ್ಮನಿಗೆ ಗೊತ್ತಿತ್ತು. ಕೊನೆಯದೂ ಉಳಿದಿದೆಯೋ, ಟೇಪು ನಡುವೆ ಎಲ್ಲಾದರೂ ಹರಿದುಹೋಗಿದೆಯೋ ಅಂತ ಕೇಳಿದ್ದು. ಉಳಿದಿತ್ತು.

ಇಪ್ಪತ್ತೇಳು ವರ್ಷದ ಹಿಂದೆ ಮಂಗಳವಾರದ ಸಂಜೆಗಳಲ್ಲಿ ಬರುತ್ತಿದ್ದ ಧಾರಾವಾಹಿ ಅದು. ಮಹಾರಾಜರ ಕಾಲದ ಕತೆ. ಪತ್ತೇದಾರ ನರಹರಿರಾಯ ಒಂದು ಜಂಕ್ಷನ್ ಊರಿಗೆ ಬಂದು ಕಳ್ಳತನ, ಕೊಲೆ ಎಲ್ಲ ಪತ್ತೆ ಮಾಡುತ್ತಾನೆ. ಮಾಡುತ್ತ ಮಾಡುತ್ತ ಇಬ್ಬರು ಹೆಂಗಸರ ನಡುವೆ ಸಿಕ್ಕಿಕೊಳ್ಳುತ್ತಾನೆ. ಒಬ್ಬಳು ಜೋಡಿದಾರರ ಮಗಳು ಅಂಬುಜಾಕ್ಷಿ, ಇಂಗ್ಲಿಷು ಓದಿದವಳು, ಮನೆ ಮುಂದೆ ಕಾರು ಇದ್ದವಳು. ಇನ್ನೊಬ್ಬಳು ಧರ್ಮಾಸ್ಪತ್ರೆಯ ನರ್ಸು ಸುಗಂಧಿ, ಮನೆಯಲ್ಲಿ ಕಣ್ಣು ಕಾಣದ ತಂದೆ. ಮಾಲಿನಿಯ ಫೋನಿನಲ್ಲಿ ಇದಕ್ಕೆಂದೇ ನಾನೂರು ಜನರ ಗುಂಪು ಇತ್ತು. ಅರ್ಧ ಸುಗಂಧಿ ಪಕ್ಷ, ಅರ್ಧ ಅಂಬುಜಾಕ್ಷಿ ಪಕ್ಷ. ಆಗ ನೋಡಿದ್ದವರು ಕೊನೆ ಹೇಳಕೂಡದು ಅಂತ ಕಟ್ಟುನಿಟ್ಟು. ಮಾಲಿನಿ ಸುಗಂಧಿ ಪಕ್ಷದ ಮುಂದಾಳು, ಯಾಕೆಂದರೆ ಕೊನೆ ಅವಳಿಗೆ ಗೊತ್ತಿತ್ತು. ಸೋದರತ್ತೆ ಲತಾಮಣಿ ತೊಡೆಯ ಮೇಲೆ ಮಲಗಿಸಿಕೊಂಡು ಹೇಳಿ ಬೆಳೆಸಿದ ಕತೆ ಅದು: ರೈಲು ಹೊರಡುತ್ತದೆ, ಸುಗಂಧಿ ಕಂದೀಲು ಹಿಡಿದು ಓಡಿಬರುತ್ತಾಳೆ, ರಾಯರು ಬಾಗಿಲಿನಿಂದ ಕೈ ಚಾಚುತ್ತಾರೆ, ಅವಳು ಹತ್ತಿಬಿಡುತ್ತಾಳೆ.

ಲತಾಮಣಿ ಆ ಸಂಜೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಾಗ ಮೊದಲ ಕಂತು ಅರ್ಧ ಓಡಿತ್ತು. ನಲವತ್ತಾರು ವರ್ಷದ ಹೆಂಗಸು, ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲ ಹೊರಗೆ ನಿಂತೇ ನೋಡಿದಳು. ಮುಗಿದ ಮೇಲೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ಅಪ್ಪನ ಕಾಲಿನ ಗಾಯ ತೊಳೆಯಲು ಬಿಸಿನೀರು ಇಟ್ಟಳು.

ಈ ಮನೆಯ ಪ್ರತಿಯೊಂದು ದಿನ ಆ ಕಾಲಿನ ಸುತ್ತ ತಿರುಗುತ್ತಿತ್ತು. ಜವರಯ್ಯನಿಗೆ ಸಕ್ಕರೆ ಕಾಯಿಲೆ, ಎರಡು ಬೆರಳು ಆಗಲೇ ಹೋಗಿದ್ದವು. ದಿನಕ್ಕೆರಡು ಸಲ ಗಾಯ ತೊಳೆದು ಕಟ್ಟಬೇಕು. ಅದನ್ನು ಮಾಡುತ್ತಿದ್ದವಳು ಲತಾಮಣಿ ಒಬ್ಬಳೇ. ಅವಳ ತಮ್ಮ ರವಿಕುಮಾರ್ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅವನಿಗೆ ಗಾಯ ಕಂಡರೆ ತಲೆ ಸುತ್ತುತ್ತದೆ ಅಂತ ಮನೆಯವರೆಲ್ಲ ಒಪ್ಪಿಕೊಂಡು ಎಷ್ಟೋ ವರ್ಷವಾಗಿತ್ತು. ರವಿಕುಮಾರನ ಹೆಂಡತಿ, ಮಾಲಿನಿಯ ತಾಯಿ ಮಂಜುಳಾ ಮಾತ್ರ ಒಪ್ಪಿಕೊಂಡಿರಲಿಲ್ಲ.

ಅದೇ ವಾರ ಇನ್ನೊಂದು ಸುದ್ದಿ ಬಂತು. ಬಡ್ತಿಯ ಪಟ್ಟಿಯಲ್ಲಿ ಲತಾಮಣಿಯ ಹೆಸರು ಮೂರನೆಯ ಸಲ ಬಂದಿತ್ತು. ಜನವರಿ ಇಪ್ಪತ್ತಕ್ಕೆ ಹಾಸನಕ್ಕೆ ಹೋಗಿ ಜಾಗ ಆರಿಸಿಕೊಳ್ಳಬೇಕು. ಬೇಲೂರಿನಲ್ಲಿ ಒಂದು ಖಾಲಿ ಇತ್ತು. ಹಿಂದಿನ ಎರಡು ಸಲವೂ ಅವಳು ಬಡ್ತಿ ಬೇಡವೆಂದು ಬರೆದುಕೊಟ್ಟಿದ್ದಳು. ಒಂದು ಸಲ ಮಾಲಿನಿ ಇನ್ನೂ ಮಗು ಅಂತ. ಇನ್ನೊಂದು ಸಲ ಅಪ್ಪನ ಬೆರಳು ತೆಗೆಸಿದಾಗ.

"ಹೋದ್ಸಲದಂಗೆ ಬರ್ಕೊಟ್ರಾಯ್ತು ಬಿಡಕ್ಕ," ಅಂದ ರವಿಕುಮಾರ್, ಮುದ್ದೆ ಮುರಿಯುತ್ತ. "ಬೇಲೂರಿಗೆ ದಿನಾ ಓಡಾಡೋಕಾಗಲ್ಲ. ಅಪ್ಪನ ಕಾಲು ಯಾರು ನೋಡ್ತಾರೆ?"

"ನಿಮ್ಮಪ್ಪನಿಗೆ ಲತಕ್ಕ ಒಬ್ರೇನಾ ಮಕ್ಕಳು?" ಅಂದಳು ಮಂಜುಳಾ, ಸಾರಿನ ಸೌಟು ಪಾತ್ರೆಗೆ ಬಿಡುತ್ತ.

ರವಿಕುಮಾರ್ ಬೇಗ ಬೇಗ ಉಂಡು ಎದ್ದ. "ಬರ್ಕೊಡಾಣ, ಇನ್ನೂ ಟೈಮೈತಲ್ಲ," ಅಂತ ಲತಾಮಣಿ ಯಾರಿಗೂ ಅಲ್ಲದಂತೆ ಹೇಳಿದಳು. ಮುದ್ದಮ್ಮ ಮಗನ ತಟ್ಟೆ ತೆಗೆದಳು. ಮಗಳು ಹೋಗುವುದು ಅವಳಿಗೆ ಬೇಕಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೋಗಬೇಕೆಂದು ಮಗಳಿಗೆ ಅನ್ನಿಸುವಂಥದ್ದೇನೂ ಈ ಮನೆಯಲ್ಲಿ ನಡೆಯುವುದು ಬೇಕಿರಲಿಲ್ಲ. ಹದಿಮೂರನೆಯ ಕಂತು ಅಂಥದ್ದು.

ಆಮೇಲಿನ ಮಂಗಳವಾರ ಶನಿವಾರಗಳಲ್ಲಿ ಮನೆಯವರೆಲ್ಲ ಚಾಪೆಯ ಮೇಲೆ ಅವರೆಯ ಬೋಗುಣಿ ಸುತ್ತ ಕೂತು, ಕೈ ಹಿತುಕುತ್ತ ಬಾಯಿ ಜಗಳವಾಡುತ್ತಿದ್ದರು. ಮಂಜುಳಾ ಅಂಬುಜಾಕ್ಷಿಯ ಪಕ್ಷ. ಅವಳ ವಾದ ನೇರವಾಗಿತ್ತು.

"ಸುಗಂಧಿಗೆ ರಾತ್ರಿ ಡ್ಯೂಟಿ, ಇವನಿಗೆ ರಾತ್ರಿ ಕಳ್ಳರು. ಮನೇಲಿ ಒಲೆ ಹಚ್ಚೋರು ಯಾರು?"

"ರಾಯರು ಹಚ್ಚಲಿ ಬಿಡಮ್ಮ," ಅಂದಳು ಮಾಲಿನಿ. "ಪೇಟ ಸುತ್ತೋಕೆ ಅರ್ಧ ಗಂಟೆ ಇರುತ್ತೆ, ಒಲೆ ಹಚ್ಚೋಕೆ ಇರಲ್ವಾ?"

ಜವರಯ್ಯ ಎರಡು ಪಕ್ಷಕ್ಕೂ ಸೇರಿದವನಲ್ಲ. ಮಂಚದ ಮೇಲೆ ಕಾಲು ಚಾಚಿ, ಪರದೆಯಲ್ಲಿ ರೈಲು ಬಂದಾಗಲೆಲ್ಲ ಎದ್ದು ಕೂರುತ್ತಿದ್ದ. "ಪ್ರೀತಿ ಹಂಗಿರ್ಲಿ, ಆ ಹಳಿ ನೋಡ್ರಿ. ಮಹಾರಾಜರ ಕಾಲ್ದಲ್ಲಿ ಇಷ್ಟಗಲದ ಹಳಿ ಎಲ್ಲಿತ್ತು? ಮೀಟರ್ ಗೇಜು ಇದ್ದಿದ್ದು. ಹಳಿನೇ ಸುಳ್ಳು ಅಂದ್ಮೇಲೆ ಅದರ ಮೇಲೆ ಹೋಗೋರ ಮಾತು ನಂಬ್ತೀರಲ್ಲ."

ಎಲ್ಲರೂ ನಗುತ್ತಿದ್ದರು, ಲತಾಮಣಿಯೂ. ಆದರೆ ಯಾವ ಪಕ್ಷ ಅಂತ ಅವಳನ್ನು ಕೇಳಿದರೆ ಹೇಳುತ್ತಿರಲಿಲ್ಲ. ಸುಗಂಧಿ ಬಂದಾಗ ಅವಳ ಕೈ ನಿಧಾನವಾಗುತ್ತಿತ್ತು. ಮುದ್ದಮ್ಮ ಟಿ.ವಿ. ನೋಡುತ್ತಿರಲಿಲ್ಲ, ಆ ಕೈಯನ್ನು ನೋಡುತ್ತಿದ್ದಳು.

ಮೂರನೆಯ ವಾರ ಮಾಲಿನಿ ತನ್ನ ಕಾಲೇಜಿನ ಗೆಳತಿಯೊಬ್ಬಳನ್ನು ಕರೆತಂದಳು. ದರ್ಶಿನಿ ಅಂತ, ಹಾಸ್ಟೆಲಿನ ಹುಡುಗಿ, ಅಂಬುಜಾಕ್ಷಿ ಪಕ್ಷ. ಫೋನಿನಲ್ಲಿ ಜಗಳವಾಡಿ ಸಾಕಾಗಿ ಎದುರಿಗೇ ಕೂತು ಆಡೋಣ ಅಂತ ಬಂದಿದ್ದಳು. ಐದೂಕಾಲು ಗಂಟೆ. ಮುದ್ದಮ್ಮ ಲೋಟದಲ್ಲಿ ನೀರು ತಂದುಕೊಟ್ಟಳು. ಹುಡುಗಿ ಲೋಟ ಹಿಡಿದು ತಡೆದಳು.

"ತಪ್ಪು ತಿಳ್ಕೋಬೇಡಿ ಅಜ್ಜಿ. ನೀರು ಸೋಸಿದ್ದಾ?"

ಮುದ್ದಮ್ಮ ಕೈ ಚಾಚಿದಳು. ಲೋಟ ವಾಪಸು ಇಸಿದುಕೊಂಡು ಒಳಗೆ ಹೋದಳು. ಪೆಟ್ಟಿಗೆಯಿಂದ ಒಗೆದ ಬಿಳಿ ಬಟ್ಟೆ ತೆಗೆದು, ಎರಡು ಮಡಿಕೆ ಮಾಡಿ, ಇನ್ನೊಂದು ಲೋಟದ ಬಾಯಿಗೆ ಹಿಡಿದು ನೀರು ಸುರಿದಳು. ಕೈಗೆ ಅದು ಮರೆತಿರಲಿಲ್ಲ.

"ಹೊತ್ತು ಮುಳುಗಿದ್ಮೇಲೆ ಊಟ ಮಾಡಲ್ಲ, ಅಲ್ವಾ ಮಗ?" ಅಂದಳು ಈಚೆ ಬಂದು.

"ಹೂಂ ಅಜ್ಜಿ. ನಿಮಗೆ ಹೆಂಗೆ ಗೊತ್ತು?"

"ಯಾವೂರು?"

"ಹಳೇಬೀಡು. ಬಸದಿ ಹತ್ರ ಮನೆ."

"ಯಾರ ಮಗಳು?"

"ಪ್ರಭಾಚಂದ್ರ ಅಂತ. ಕೊಬ್ಬರಿ ವ್ಯಾಪಾರ." ಹುಡುಗಿ ನೀರು ಕುಡಿದು ನಕ್ಕಳು. "ಅಪ್ಪನೂ ಮೊದಲು ಅರಸೀಕೆರೇಲಿ ಇದ್ರಂತೆ. ಈ ಸೀರಿಯಲ್ ಹೆಸರೆತ್ತಿದ್ರೆ ಮಾತ್ರ ಎದ್ದು ಹೊರಗೆ ಹೋಗ್ತಾರೆ. ಯಾಕೋ ಗೊತ್ತಿಲ್ಲ."

ಮುದ್ದಮ್ಮ ಅವಳಿಗೆ ಈರುಳ್ಳಿ ಬೆಳ್ಳುಳ್ಳಿ ಹಾಕದ ಸಾರು ಬೇರೆ ಮಾಡಿ, ಹೊತ್ತು ಮುಳುಗುವ ಮುಂಚೆ ಬಡಿಸಿದಳು. ಲತಾಮಣಿ ಬಂದ ಮೇಲೆ ಮಾಲಿನಿ ಗೆಳತಿಯ ಹೆಸರು, ಊರು, ಅಪ್ಪನ ಹೆಸರು ಎಲ್ಲ ಹೇಳಿದಳು. ಲತಾಮಣಿ ಹುಡುಗಿಯ ಮುಖ ಒಂದು ಗಳಿಗೆ ನೋಡಿ, "ಊಟ ಆಯ್ತೇನಮ್ಮ? ಹೊತ್ತಿರುವಾಗ್ಲೇ ಆಗಬೇಕಲ್ಲ," ಅಂದಳು, ಅಷ್ಟೇ. ಮುಂದಿನ ಶನಿವಾರದಿಂದ ಅವಳು ಹೊತ್ತು ಮುಳುಗುವ ಮುಂಚೆಯೇ ಮನೆಗೆ ಬರತೊಡಗಿದಳು. ಹುಡುಗಿಗೆ ಬಡಿಸುವ ಕೆಲಸ ಅಮ್ಮನಿಂದ ಮಗಳಿಗೆ ಹೋಯಿತು.

ಇಷ್ಟು ಹೇಳಿದ ಮೇಲೆ ಹಿಂದಿನದನ್ನೂ ಹೇಳಬೇಕು.

ಆಗ ಅವರು ರೈಲ್ವೆ ಕ್ವಾರ್ಟರ್ಸಿನಲ್ಲಿದ್ದರು. ಪ್ರಭಾಚಂದ್ರ ಇಪ್ಪತ್ತನಾಲ್ಕರ ಹುಡುಗ, ಅರಸೀಕೆರೆಯಲ್ಲಿ ಸೋದರಮಾವನ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದ. ಮಂಡಿಯಲ್ಲಿ ಟಿ.ವಿ. ಇರಲಿಲ್ಲ. ಜವರಯ್ಯನ ಪರಿಚಯದಿಂದ ಮಂಗಳವಾರದ ಸಂಜೆ ಇವರ ಮನೆಗೆ ಬರುತ್ತಿದ್ದ. ಇವರ ಮನೆಯ ನೀರು ಕುಡಿಯಲು ಹಿಂದೆಮುಂದೆ ನೋಡುವವರು ಊರಲ್ಲಿ ಇನ್ನೂ ಇದ್ದ ಕಾಲ ಅದು. ಪ್ರಭಾಚಂದ್ರ ಮೊದಲ ದಿನವೇ ಕೇಳಿ ಇಸಿದುಕೊಂಡು ಕುಡಿದ. ಸೋಸಿ ಕೊಡಿ ಅಂದ, ಬೇರೇನೂ ಅನ್ನಲಿಲ್ಲ. ಹೊತ್ತು ಮುಳುಗುವ ಮುಂಚೆ ಬಂದು, ಮುದ್ದಮ್ಮ ಬಡಿಸಿದ್ದನ್ನು ಉಂಡು, ಆಮೇಲೆ ಧಾರಾವಾಹಿ ನೋಡುತ್ತಿದ್ದ. ಲತಾಮಣಿಗೆ ಹತ್ತೊಂಬತ್ತು. ಹಾಸನದಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು. ಸುಗಂಧಿಯ ಪಕ್ಷ ಅವಳು, ಅಂಬುಜಾಕ್ಷಿಯ ಪಕ್ಷ ಅವನು. ಬೇಕೆಂದೇ ಆ ಪಕ್ಷ ಹಿಡಿದಿದ್ದ. ಜಗಳವಾಡಲು ಯಾರಾದರೂ ಆ ಕಡೆ ಇರಬೇಕಲ್ಲ. ಮುದ್ದಮ್ಮ ಒಲೆಯ ಮುಂದಿನಿಂದ ಆ ಜಗಳ ಕೇಳುತ್ತಿದ್ದಳು.

ಹನ್ನೆರಡು ವಾರ ನೋಡಿದರು. ಹದಿಮೂರನೆಯ ಮಂಗಳವಾರದ ಹೊತ್ತಿಗೆ ಟ್ರಾನ್ಸ್‌ಫಾರ್ಮರು ಸುಟ್ಟು ಅವರ ಕಡೆಗೆ ಮೂರು ದಿನ ಕರೆಂಟಿಲ್ಲ. ಪ್ರಭಾಚಂದ್ರ ಬಸದಿಯ ಪೂಜೆಗೆ ಹಳೇಬೀಡಿಗೆ ಹೋಗಿದ್ದ, ಅಲ್ಲಿ ಕೊನೆ ನೋಡಿದ್ದ. ಗುರುವಾರ ಸಂಜೆ ಬಂದು, ಅಂಗಳದಲ್ಲಿ ಎಲ್ಲರ ಮುಂದೆ ನಿಂತು ಹೇಳಿದ: ರೈಲು ಹೊರಡುತ್ತದೆ, ಸುಗಂಧಿ ಕಂದೀಲು ಹಿಡಿದು ಓಡಿಬರುತ್ತಾಳೆ, ರಾಯರು ಕೈ ಚಾಚುತ್ತಾರೆ, ಅವಳು ಹತ್ತಿಬಿಡುತ್ತಾಳೆ. ಹೇಳುವಾಗ ಅವನ ಕಣ್ಣು ಲತಾಮಣಿಯ ಮೇಲಿತ್ತು. ಹೇಳಿ ಮುಗಿಸಿ ಕೇಳಿದ, ಅವಳು ಹತ್ತಿದ್ದು ಸರಿಯಾ ಅಂತ.

ಲತಾಮಣಿ ಬಾಯಿ ತೆರೆಯುವ ಮುಂಚೆ ಮುದ್ದಮ್ಮ ಅಂದಳು, "ಕುರುಡು ತಂದೇನ ಬಿಟ್ಟು ಹೋದಳಾ? ಅವನಿಗೆ ಗಂಜಿ ಕಾಯ್ಸೋರು ಯಾರು? ಹೆಣ್ಣು ಹಂಗೆ ಮಾಡಬಾರ್ದು. ನಮ್ಮ ಲತನ್ನೇ ಕೇಳು, ಅವಳೂ ಅದನ್ನೇ ಹೇಳ್ತಾಳೆ."

ಲತಾಮಣಿ ಅಮ್ಮನ ಮುಖ ನೋಡಿದಳು, ಆಮೇಲೆ ತಲೆ ತಗ್ಗಿಸಿ ನಕ್ಕಳು. ಪ್ರಭಾಚಂದ್ರನೂ ನಕ್ಕ. ಮುಂದಿನ ಮಂಗಳವಾರ ಬರಲಿಲ್ಲ. ಧಾರಾವಾಹಿ ಮುಗಿದಿತ್ತು, ಬರಲು ಕಾರಣವೂ ಇರಲಿಲ್ಲ. ತಿಂಗಳೊಳಗೆ ಹಳೇಬೀಡಿಗೆ ವಾಪಸು ಹೋದ. ಮರುವರ್ಷ ಮದುವೆಯಾಯಿತು, ಹುಡುಗಿಯ ಹೆಸರು ಯಶೋಧಾ ಅಂತ ಮಂಡಿಯವರು ಹೇಳಿದರು. ಲತಾಮಣಿಗೆ ಕೆಲಸವಾದ ಮೇಲೆ ಮೂರು ಕಡೆಯಿಂದ ಗಂಡು ಬಂದವು. ಮೂರಕ್ಕೂ ನೋಡಾಣ ಅಂದಳು, ನೋಡಲಿಲ್ಲ.

ಅವತ್ತು ಪ್ರಭಾಚಂದ್ರ ಹೇಳಿದ್ದು ಅವನೇ ಕಟ್ಟಿದ ಕತೆ. ಅದು ಮುದ್ದಮ್ಮನಿಗೆ ಅವನು ಹೇಳುವಾಗಲೇ ಗೊತ್ತಿತ್ತು. ಹಿಂದಿನ ದಿನ ಅವಳು ಕಣಕಟ್ಟೆಯ ಅಕ್ಕನ ಮನೆಗೆ ಹೋಗಿದ್ದಳು. ಅಲ್ಲಿ ಟ್ರ್ಯಾಕ್ಟರಿನ ಬ್ಯಾಟರಿಗೆ ಟಿ.ವಿ. ಹಚ್ಚಿ ಊರವರೆಲ್ಲ ಕೊನೆ ನೋಡಿದ್ದರು. ಸುಗಂಧಿ ಹತ್ತುವುದಿಲ್ಲ. ಅಕ್ಕ ಕಣ್ಣೀರು ಒರೆಸಿಕೊಂಡು ಹೇಳಿದ್ದಳು. ಹಾಗಾಗಿ ಮರುದಿನ ಅಂಗಳದಲ್ಲಿ ನಿಂತ ಹುಡುಗ ಕತೆ ಹೇಳುತ್ತಿಲ್ಲ, ಏನೋ ಕೇಳುತ್ತಿದ್ದಾನೆ ಅನ್ನುವುದು ಅಲ್ಲಿದ್ದವರಲ್ಲಿ ಅವಳೊಬ್ಬಳಿಗೆ ತಿಳಿಯಿತು. ಅವನ ಜನ ಒಪ್ಪುವುದಿಲ್ಲ, ನಾಳೆ ನನ್ನ ಮಗಳು ಯಾರದೋ ಜಗಲಿಯ ಕೆಳಗೆ ನಿಲ್ಲಬೇಕಾಗುತ್ತದೆ ಅಂತ ಭಯವಾಯಿತು. ಉತ್ತರ ತಾನೇ ಕೊಟ್ಟಳು. ಇದನ್ನು ಗಂಡನಿಗೂ ಹೇಳಿರಲಿಲ್ಲ.

ಕ್ರಿಸ್‌ಮಸ್ ರಜೆ ಕಳೆಯಿತು, ಹೊಸ ವರ್ಷ ಬಂತು. ಎಂಟು, ಒಂಬತ್ತು, ಹತ್ತು ಅಂತ ಕಂತುಗಳು ಮುಗಿಯುತ್ತಿದ್ದವು. ಒಂದು ಶನಿವಾರ ಮುದ್ದಮ್ಮ ತಲೆನೋವು ಅಂತ ಟಿ.ವಿ. ಬೇಡವೆಂದಳು. ಮಾಲಿನಿ ದೀಪ ಆರಿಸಿ, ಶಬ್ದ ತಗ್ಗಿಸಿ ಹಾಕಿದಳು. ಇನ್ನೊಂದು ದಿನ, ಕೊನೇದೊಂದು ನೋಡದಿದ್ರೆ ಏನಾಯ್ತದೆ, ಗೊತ್ತಿರೋ ಕತೆ ತಾನೆ ಅಂದಳು. ಗೊತ್ತಿರೋದಕ್ಕೇ ನೋಡೋದು ಅಜ್ಜಿ ಅಂದಳು ಮಾಲಿನಿ. ಲತಾಮಣಿ ಅಮ್ಮನ ಕಡೆ ತಿರುಗಿ ನೋಡಿದಳು.

ಸಂಕ್ರಾಂತಿಗೆ ಮುಂಚಿನ ಶನಿವಾರ, ಮಗಳನ್ನು ಹಬ್ಬಕ್ಕೆ ಕರೆದೊಯ್ಯಲು ಪ್ರಭಾಚಂದ್ರ ಬಂದ. ದರ್ಶಿನಿ ಹಾಸ್ಟೆಲಿನಿಂದ ಚೀಲ ತಂದು ಇವರ ಮನೆಯಲ್ಲಿ ಕಾಯುತ್ತಿದ್ದಳು. ನಾಲ್ಕೂಕಾಲು ಗಂಟೆ. ಲತಾಮಣಿ ಡ್ಯೂಟಿಯಲ್ಲಿದ್ದಳು. ಅವನ ತಲೆ ಪೂರ್ತಿ ನರೆತಿತ್ತು, ಕೆನ್ನೆ ಇಳಿದಿತ್ತು, ನಿಲ್ಲುವ ರೀತಿ ಮಾತ್ರ ಅದೇ, ಒಂದು ಕಾಲು ಹೊಸ್ತಿಲ ಒಳಗೆ ಒಂದು ಹೊರಗೆ. ಜವರಯ್ಯ ಮಂಚದಿಂದಲೇ ಕೂಗಿ ಕರೆದು, ಕೊಬ್ಬರಿ ರೇಟು ಕೇಳಿ, ತನ್ನ ಕಾಲಿನ ಕತೆ ಹೇಳಿದ. ಮುದ್ದಮ್ಮ ನೀರು ಸೋಸಿ ಕೊಟ್ಟಳು. ಅವನು ಬಟ್ಟೆಯನ್ನೂ ನೋಡಿದ, ಲೋಟವನ್ನೂ ನೋಡಿದ, ಒಂದೇ ಸಲಕ್ಕೆ ಕುಡಿದ.

ಹೊರಡುವಾಗ ಗೇಟಿನ ಹತ್ತಿರ ಮಗಳನ್ನು ಮುಂದೆ ಕಳಿಸಿ ನಿಂತ.

"ಅಮ್ಮ, ಅವತ್ತು ನಾನು ಕತೇನ ಬೇರೆ ಹೇಳಿದ್ದೆ."

"ಗೊತ್ತು ಕಣಪ್ಪ."

"ನಿಮಗೆ ಗೊತ್ತಿತ್ತು ಅನ್ನೋದು ನನಗೂ ಆಗಲೇ ತಿಳೀತು. ನೀವು ನನ್ನ ಮುಖ ನೋಡ್ಲಿಲ್ಲ." ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಗೇಟಿಗೆ ಕೈಯಿಟ್ಟು ಕೇಳಿದ, "ಅವರಿಗೆ?"

"ಮಂಗಳವಾರ ಗೊತ್ತಾಯ್ತದೆ."

ಅವನು ತಲೆ ಆಡಿಸಿದ. ಯಶೋಧಾ ಅಡಿಗೆ ಮಾಡಿ ಕಾಯುತ್ತಿರುತ್ತಾಳೆ, ಹೊತ್ತು ಮುಳುಗುವ ಮುಂಚೆ ಮನೆ ಸೇರಬೇಕು ಅಂತ ಹೇಳಿ ಹೊರಟ. ಲತಾಮಣಿ ಬಂದದ್ದು ಐದು ಗಂಟೆಗೆ. ಹಿತ್ತಲಿನ ತಂತಿಯ ಮೇಲೆ ನೀರು ಸೋಸಿದ ಒದ್ದೆ ಬಟ್ಟೆ ಕಂಡು ಯಾರು ಬಂದಿದ್ದರು ಅಂತ ಕೇಳಿದಳು. ದರ್ಶಿನಿಯ ಅಪ್ಪ ಅಂದಳು ಮುದ್ದಮ್ಮ. ಹೋಗಿ ಎಷ್ಟು ಹೊತ್ತಾಯಿತು? ಕಾಲು ಗಂಟೆ ಆಯಿತೇನೋ. ಲತಾಮಣಿ ತಂತಿಯ ಮೇಲಿನ ಬಟ್ಟೆ ತೆಗೆದು, ಇನ್ನೂ ಒಣಗಿರಲಿಲ್ಲ, ಮತ್ತೆ ಅಲ್ಲೇ ಹರಡಿದಳು.

ಸಂಕ್ರಾಂತಿ ಮಂಗಳವಾರವೇ ಬಂದಿತ್ತು. ಬೆಳಿಗ್ಗೆ ಎಳ್ಳುಬೆಲ್ಲ, ಕಬ್ಬು, ಗೆಣಸು. ಮಂಜುಳಾ ಸಿಹಿ ಪೊಂಗಲು ಮಾಡಿದ್ದಳು, ಅವರೆಕಾಯಿ ಬೇಯಿಸಿದ್ದಳು. ಸಂಜೆ ಆರೂವರೆಗೆ ಎಲ್ಲರೂ ಕೂತರು, ರವಿಕುಮಾರನೂ. ನಾಳೆಯ ಸಾರಿಗೆ ಬೇಕಾದ ಕಾಳು ಬೋಗುಣಿಯಲ್ಲಿತ್ತು.

ಪತ್ತೇದಾರ ಕೊನೆಯ ಕಳ್ಳನನ್ನು ಹಿಡಿದ. ಅಂಬುಜಾಕ್ಷಿ ಮದರಾಸಿನ ಬ್ಯಾರಿಸ್ಟರನ್ನು ಮದುವೆಯಾಗುತ್ತೇನೆಂದಳು. ಮಂಜುಳಾ, ಅವಳಿಗೇನು ಕಮ್ಮಿ ಅಂದಳು. ಪ್ಲಾಟ್‌ಫಾರಮ್ಮು ಬಂತು. ಗಂಟೆ ಹೊಡೆಯಿತು. ಸುಗಂಧಿ ಕಂದೀಲು ಹಿಡಿದು ಬಂದಳು, ಓಡಲಿಲ್ಲ, ನಡೆದು ಬಂದಳು. ಪ್ಲಾಟ್‌ಫಾರಮ್ಮಿನ ತುದಿಗೆ ಬಂದು ನಿಂತಳು. ರೈಲು ಕದಲಿತು. ರಾಯರು ಬಾಗಿಲಲ್ಲಿ ನಿಂತಿದ್ದರು. ಕೈ ಚಾಚಲಿಲ್ಲ. ಪೇಟ ತೆಗೆದು ಎದೆಗೆ ಹಿಡಿದುಕೊಂಡರು. ರೈಲು ಹೋಯಿತು. ಕಂದೀಲು ಉಳಿಯಿತು.

"ಗಾರ್ಡು ಹಸಿರು ತೋರಿಸ್ಲೇ ಇಲ್ಲ," ಅಂದ ಜವರಯ್ಯ. ಯಾರೂ ನಗಲಿಲ್ಲ.

"ಲತತ್ತೆ," ಅಂದಳು ಮಾಲಿನಿ, "ಅವಳು ಹತ್ತಲೇ ಇಲ್ಲ."

"ಹತ್ತಲ್ಲ ಕಣೆ."

"ನಿಮಗೆ ಗೊತ್ತಿತ್ತಾ?"

"ಹಾಸನದ ಹಾಸ್ಟೆಲಿಗೆ ಸೇರಿದ ವಾರದಲ್ಲೇ ಗೊತ್ತಾಯ್ತು. ಬೇರೆ ಹುಡುಗೀರು ನೋಡಿದ್ರು."

"ಮತ್ತೆ ಇಷ್ಟು ವರ್ಷ ನಂಗ್ಯಾಕೆ ಹಂಗೆ ಹೇಳಿದ್ರಿ? ಗ್ರೂಪಲ್ಲಿ ನಾನು ಎಲ್ಲರ ಹತ್ರ ಪಂಥ ಕಟ್ಟಿದ್ದೀನಿ."

ಲತಾಮಣಿ ಒಂದು ಕಾಳು ಹಿತುಕಿ ಬೇಳೆ ಬೋಗುಣಿಗೆ ಹಾಕಿದಳು. "ನಂಗೆ ಒಬ್ರು ಹಂಗೆ ಹೇಳಿದ್ರು. ಅದೇ ಚೆನ್ನಾಗಿತ್ತು."

ಅಲ್ಲಿಗೇ ಬಿಡಬಹುದಿತ್ತು. ಮುದ್ದಮ್ಮ ಯಾವುದು ಹೊರಬೀಳುತ್ತದೆಂದು ಹೆದರಿದ್ದಳೋ ಅದು ಮಗಳಿಗೆ ಆಗಲೇ ಗೊತ್ತಿತ್ತು. ಹತ್ತೊಂಬತ್ತರಲ್ಲೇ ಗೊತ್ತಾಗಿ, ಅವನು ಇನ್ನೊಂದು ಸಲ ಕೇಳಿಯಾನು ಅಂತ ಕಾದು, ಕೇಳಲಿಲ್ಲವೆಂದು ಸುಮ್ಮನಾಗಿದ್ದಳು. ಗೊತ್ತಿಲ್ಲದ್ದು ಒಂದೇ, ಅಮ್ಮನದು. ಅದು ಇನ್ನು ಯಾರಿಂದಲೂ ಹೊರಗೆ ಬರುವಂಥದ್ದಲ್ಲ. ಮುದ್ದಮ್ಮ ಕೈಯಲ್ಲಿದ್ದ ಕಾಳು ಕೆಳಗಿಟ್ಟಳು.

"ನಂಗೂ ಗೊತ್ತಿತ್ತು ಲತಾ."

"ಏನು?"

"ಅವಳು ಹತ್ತಲ್ಲ ಅಂತ. ಬುಧವಾರ ಕಣಕಟ್ಟೆಗೆ ಹೋಗಿದ್ನಲ್ಲ. ಅಕ್ಕ ಹೇಳಿದ್ಲು."

ಲತಾಮಣಿಯ ಕೈ ನಿಂತಿತು. ಬುಧವಾರ, ಗುರುವಾರ ಅಂತ ಅವಳು ಮನಸ್ಸಿನಲ್ಲೇ ದಿನ ಜೋಡಿಸುವುದು ಎಲ್ಲರಿಗೂ ಕಾಣುತ್ತಿತ್ತು.

"ಹಂಗಾದ್ರೆ ಅವ್ರು ಏನು ಕೇಳ್ತಾವ್ರೆ ಅಂತ ಗೊತ್ತಿದ್ದೇ ನೀನು ಗಂಜಿ ಮಾತು ಎತ್ತಿದ್ದು."

"ಹೂಂ ಕಣವ್ವ."

"ನನ್ನ ಕೇಳ್ಬೋದಿತ್ತು ಅವ್ವ."

"ಕೇಳಿದ್ರೆ ನೀನು ಹೋಗ್ತಿದ್ದೆ."

ಲತಾಮಣಿ ಬೋಗುಣಿ ಹತ್ತಿರಕ್ಕೆ ಎಳೆದುಕೊಂಡಳು. ಉಳಿದ ಕಾಳೆಲ್ಲ ಹಿತುಕಿ ಮುಗಿಸಿದಳು. ಕೈ ತೊಳೆದುಕೊಂಡು ಅಪ್ಪನ ಕಾಲಿನ ಗಾಯ ತೊಳೆದು ಕಟ್ಟಿದಳು. ಜವರಯ್ಯ ಮಗಳ ತಲೆಯ ಮೇಲೆ ಕೈ ಇಟ್ಟ. ಅವಳು ಬ್ಯಾಂಡೇಜು ಸುತ್ತುವುದು ಮುಗಿಯುವವರೆಗೆ ಆ ಕೈಯನ್ನು ಹಾಗೇ ಇರಗೊಟ್ಟಳು.

ಆಮೇಲೆ ಆರು ದಿನ ಮನೆಯಲ್ಲಿ ಜಗಳ ಅನ್ನುವಂಥದ್ದೇನೂ ಆಗಲಿಲ್ಲ. ಹಾಲು ಬಂತಾ, ಗ್ಯಾಸ್ ಮುಗಿಯಿತಾ ಅನ್ನುವ ಮಾತೆಲ್ಲ ಇತ್ತು. ಆದರೆ ಮುದ್ದಮ್ಮ ತಟ್ಟೆ ಹಾಕಿದರೆ ಲತಾಮಣಿ ಆಮೇಲೆ ಉಣ್ಣುತ್ತೇನೆ ಅನ್ನುತ್ತಿದ್ದಳು. ಎಲ್ಲರದೂ ಆದ ಮೇಲೆ ತಾನೇ ಬಡಿಸಿಕೊಂಡು ಅಡಿಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದಳು. ಮುದ್ದಮ್ಮ ಹಿತುಕಿದ ಬೇಳೆ ಸಾರು ಎರಡು ದಿನ ಹಾಗೇ ಉಳಿಯಿತು.

ಭಾನುವಾರ ಬೆಳಿಗ್ಗೆ ಲತಾಮಣಿ ಡ್ಯೂಟಿಗೆ ಹೋದ ಮೇಲೆ ಮುದ್ದಮ್ಮ ಬಿಸಿನೀರು, ಹತ್ತಿ ಎಲ್ಲ ತಂದಿಟ್ಟುಕೊಂಡು ಗಂಡನ ಕಾಲಿನ ಮುಂದೆ ಕೂತಳು. ಕಟ್ಟಿನ ತುದಿ ಹುಡುಕಿದಳು, ಕಣ್ಣಿಗೆ ಸಿಗಲಿಲ್ಲ. ಮಂಜುಳಾ ನೋಡಿ, "ನಿಮ್ಮ ಕೈಲಿ ಆಗಲ್ಲ ಅತ್ತೆ, ಏಳಿ," ಅಂದಳು. ತಾನು ಕೂರಲಿಲ್ಲ. ಗಂಡನನ್ನು ಕರೆದಳು. "ಬನ್ರೀ. ತಲೆ ಸುತ್ತಿದ್ರೆ ಗೋಡೆಗೆ ಒರಗಿಕೊಂಡು ಕೂರಿ."

ರವಿಕುಮಾರ್ ಗೋಡೆಗೆ ಒರಗಿಯೇ ಕೂತ. ಮಂಜುಳಾ ಒಂದೊಂದೇ ಹೇಳಿದಳು, ಅವನು ಮಾಡಿದ. ಅರ್ಧ ಗಂಟೆ ಹಿಡಿಯಿತು. ತಲೆ ಸುತ್ತಲಿಲ್ಲ. ಜವರಯ್ಯ ಕಾಲು ಎತ್ತಿ ತಿರುಗಿಸಿ ನೋಡಿದ.

"ಏನ್ಲಾ, ಕಚೇರಿ ಫೈಲು ಕಟ್ಟಿದಂಗೆ ಕಟ್ಟಿದ್ದೀಯ. ಇನ್ನು ಇದಕ್ಕೊಂದು ನಂಬರ್ ಹಾಕ್ಬಿಡು."

ಸಂಜೆ ಲತಾಮಣಿ ಬಂದು ಆ ಕಟ್ಟನ್ನು ನೋಡಿದಳು. ಒಂದು ಕಡೆ ಸಡಿಲವಿತ್ತು. ಬಿಚ್ಚಲಿಲ್ಲ. ಅಂಚನ್ನು ಸ್ವಲ್ಪ ಒಳಗೆ ಸೇರಿಸಿ, ಸರಿಯಾಗೈತೆ ರವಿ ಅಂದಳು.

ಸೋಮವಾರ ಇಪ್ಪತ್ತನೇ ತಾರೀಕು ಬೆಳಿಗ್ಗೆ ರೈಲಿಗೆ ಹಾಸನಕ್ಕೆ ಹೋದಳು. ಬರೆದುಕೊಡಲೋ ಆರಿಸಿಕೊಳ್ಳಲೋ ಅಂತ ಯಾರೂ ಕೇಳಲಿಲ್ಲ. ಸಂಜೆ ಬಂದವಳು ಕಾಲು ತೊಳೆದು ಅಡಿಗೆಮನೆಗೆ ಬಂದು ಒಲೆಯ ಪಕ್ಕ ನೆಲದ ಮೇಲೆ ಕೂತಳು. ಮುದ್ದಮ್ಮ ಮುದ್ದೆ ತೊಳಸುತ್ತಿದ್ದಳು.

"ಬೇಲೂರು ತಗೊಂಡೆ," ಅಂದಳು.

ಮುದ್ದಮ್ಮ ಕೋಲು ತಿರುವುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಗಂಟಾಗುತ್ತದೆ. "ಈ ಸಲ ನಾನೇ ಹೋಗು ಅನ್ಬೇಕು ಅಂತಿದ್ದೆ."

"ನೀನು ಅನ್ನೋಕೆ ಮುಂಚೆ ಹೋಗ್ಬೇಕು ಅಂತ ನಂಗಿತ್ತು ಕಣವ್ವ." ಲತಾಮಣಿ ಗೋಡೆಯ ಹತ್ತಿರದ ತಟ್ಟೆ ಎಳೆದು ಅಮ್ಮನ ಮುಂದಿಟ್ಟಳು. "ಹಾಕು. ಹಸಿವಾಗೈತೆ."

ಮುದ್ದಮ್ಮ ಮುದ್ದೆ ಕಟ್ಟಿ ಹಾಕಿದಳು.

ಹತ್ತು ದಿನದಲ್ಲಿ ಸಾಮಾನು ಕಟ್ಟಿದ್ದಾಯಿತು. ಬೇಲೂರಿನಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಒಂದು ರೂಮು ಸಿಕ್ಕಿತು. ಸಂತೆಯಲ್ಲಿ ಅವರೆಕಾಯಿ ಬಲಿತು ಸೊಗಡು ಹೋಗಿತ್ತು. ಮಾಲಿನಿ ಗುಂಪಿನಲ್ಲಿ ಪಂಥ ಸೋತು, ಸುಗಂಧಿ ಹತ್ತದೇ ಇದ್ದದ್ದು ಸರಿಯೋ ತಪ್ಪೋ ಅಂತ ಹೊಸ ಜಗಳ ಶುರುಮಾಡಿದ್ದಳು. ಅತ್ತೆಯನ್ನು ಕೇಳಿದಾಗ ಲತಾಮಣಿ ಮೊದಲ ಸಲ ಉತ್ತರ ಕೊಟ್ಟಳು. ಹತ್ತೋದು ಬಿಡೋದು ಅವಳಿಗೆ ಬಿಟ್ಟಿದ್ದು, ಆದ್ರೆ ರಾಯರು ಬಾಯಿ ಬಿಟ್ಟು ಕೇಳಬೇಕಿತ್ತು ಅಂದಳು. ಅದನ್ನು ಮಾಲಿನಿ ಗುಂಪಿಗೆ ಹಾಕಿದಳು. ಎಲ್ಲರಿಗಿಂತ ಮೊದಲು ಅದನ್ನು ಮೆಚ್ಚಿದ್ದು ದರ್ಶಿನಿ. ಅಪ್ಪನಿಗೂ ಓದಿ ಹೇಳಿದೆ, ಈ ಸಲ ಎದ್ದು ಹೋಗಲಿಲ್ಲ ಅಂತ ಕೆಳಗೆ ಬರೆದಿದ್ದಳು.

ಹೊರಡುವ ದಿನ ರವಿಕುಮಾರ್ ಪೆಟ್ಟಿಗೆ ಹೊತ್ತು ಮುಂದೆ ಹೋದ. ಬಸ್‌ಸ್ಟ್ಯಾಂಡಿನವರೆಗೆ ಮುದ್ದಮ್ಮ ಮಗಳ ಜೊತೆ ನಡೆದಳು. ಬುತ್ತಿ ಕೊಟ್ಟಳು, ನೀರಿನ ಬಾಟಲಿ ಕೊಟ್ಟಳು. ಬೇಲೂರಿನ ಬಸ್ಸು ಜಾವಗಲ್ ಮೇಲೆ ಹೋಗುತ್ತದೆ, ಆಮೇಲೆ ಹಳೇಬೀಡು. ಅದು ಇಬ್ಬರಿಗೂ ಗೊತ್ತಿತ್ತು.

"ಹಳೇಬೀಡಲ್ಲಿ ಇಳೀತೀಯಾ?" ಅಂತ ಮುದ್ದಮ್ಮ ಕೇಳಿಯೇಬಿಟ್ಟಳು.

"ಯಾಕವ್ವ ಇಳೀಲಿ? ಮನೆ ಮಕ್ಕಳು ಇರೋರು ಅವ್ರು." ಲತಾಮಣಿ ಬಾಟಲಿಯನ್ನು ಚೀಲದೊಳಗೆ ನೇರವಾಗಿ ನಿಲ್ಲಿಸಿದಳು. "ಅಲ್ಲಿ ಹತ್ತು ನಿಮಿಷ ನಿಲ್ಲಿಸ್ತಾರೆ. ಬಸದಿ ಕಡೆ ಕಿಟಕಿಗೆ ಕೂತಿರ್ತೀನಿ. ಅಷ್ಟೇ."

ಬಸ್ಸು ಬಂತು. ಅವಳು ಹತ್ತಿ, ಕಂಡಕ್ಟರನ್ನು ಏನೋ ಕೇಳಿ, ಮೊದಲು ಕೂತ ಕಡೆಯಿಂದ ಎದ್ದು ಆಚೆ ಬದಿಯ ಕಿಟಕಿಗೆ ಹೋಗಿ ಕೂತಳು. ಅಲ್ಲಿಂದ ಅಮ್ಮ ಕಾಣುವುದಿಲ್ಲ. ಮುದ್ದಮ್ಮ ಅಲ್ಲೇ ನಿಂತಿದ್ದಳು, ಆ ಬದಿಗೆ ಸುತ್ತಿ ಹೋಗಲಿಲ್ಲ. ಲತಾಮಣಿ ಮನೆ ಬಿಟ್ಟು ಹೋದದ್ದು ಜನವರಿ ಮೂವತ್ತನೇ ತಾರೀಕು, ಗುರುವಾರ, ಬೆಳಿಗ್ಗೆ ಏಳೂಕಾಲರ ಬಸ್ಸಿಗೆ.